ಅವಧಿಗೆ ಮುನ್ನ ಅತ್ತ ಪ್ರಕರಣ

ನಮ್ಮ ಪ್ರೌಢಶಾಲೆಯ ಇಂಗ್ಲಿಷ್ ಸಾಹಿತ್ಯ ತರಗತಿಯಲ್ಲಿ ವಿದ್ಯಾರ್ಥಿಗಳು ದುಃಖಪಡುವುದು ಒಂಬತ್ತನೇ ವಾರದಲ್ಲಿ. 'ವಿದ್ಯಾರ್ಥಿಗಳಿಂದ ನಿರೀಕ್ಷೆಗಳು' ಎಂಬ ನಾಲ್ಕು ಪುಟದ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. ಒಂದನೇ ವಾರ ಕುತೂಹಲ, ಐದನೇ ವಾರ ಮುಗುಳ್ನಗೆ, ಒಂಬತ್ತನೇ ವಾರ ದುಃಖ. ದುಃಖಕ್ಕೆ ಐದು ಅಂಕ. ವಾರಕ್ಕೊಂದೇ ಅಧ್ಯಾಯ. ಯಾರೂ ಮುಂದಕ್ಕೆ ಓದತಕ್ಕದ್ದಲ್ಲ.

ಕಾದಂಬರಿಯಲ್ಲಿ ಅಣ್ಣ ಹಡಗು ಹತ್ತಿ ಹೋಗುತ್ತಾನೆ, ತಂಗಿ ದಡದಲ್ಲಿ ಕಾಯುತ್ತಾಳೆ. ಒಟ್ಟು ಇಪ್ಪತ್ತೆರಡು ಅಧ್ಯಾಯ. ಹದಿನಾಲ್ಕು ಮುಗಿಯುವಷ್ಟರಲ್ಲಿ ಪರೀಕ್ಷೆ ಬರುವುದರಿಂದ ಉಳಿದ ಎಂಟನ್ನು ದಾರ ಹಾಕಿ ಹೊಲಿದಿಟ್ಟಿದ್ದೇವೆ. ಹತ್ತೊಂಬತ್ತು ವರ್ಷದಿಂದ ಅದನ್ನೇ ಪಾಠ ಮಾಡುತ್ತಿರುವ ಇಂಗ್ಲಿಷ್ ಮಿಸ್ಸಿನ ಪ್ರತಿಯೂ ಹೊಲಿದದ್ದೇ. ನಿಯಮ ಎಲ್ಲರಿಗೂ ಒಂದೇ.

ಹೀಗಿರಲಾಗಿ ಮೂರನೇ ವಾರದ ಗುರುವಾರ, ಕಥೆಯ ಅಣ್ಣ ನಗುನಗುತ್ತಾ ಪೆಟ್ಟಿಗೆ ಕಟ್ಟುವ ಸಾಲಿಗೆ, ಕಿಟಕಿ ಪಕ್ಕದ ಹುಡುಗಿಯೊಬ್ಬಳು ಬಿಕ್ಕಿಬಿಕ್ಕಿ ಅತ್ತಳು.

ಕೂಡಲೇ ವಿಚಾರಣಾ ಸಮಿತಿ ರಚನೆಯಾಯಿತು. ಹೆಡ್‌ಮೇಡಂ ಅಧ್ಯಕ್ಷರು, ಇಂಗ್ಲಿಷ್ ಮಿಸ್ ದೂರುದಾರರು. ಗಣಿತದವಳಾದ ನನಗೆ ಭಾವನೆಗಳ ಸಂಬಂಧವಿಲ್ಲವೆಂದು ನಡಾವಳಿ ಬರೆಯಲು ಕೂರಿಸಿದರು. ಮುಂದಕ್ಕೆ ಓದಿದ ಆರೋಪ ಸಾಬೀತಾದರೆ ಆಂತರಿಕ ಅಂಕ ಇಪ್ಪತ್ತಕ್ಕೆ ಸೊನ್ನೆ, ಆಮೇಲೆ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ.

ಹುಡುಗಿಯ ತಾಯಿ ಬಟ್ಟೆ ಹೊಲಿಯುವವರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಅಲ್ಲ ಮೇಡಂ, ಅಳೋದಕ್ಕೂ ಟೈಮ್ ಟೇಬಲ್ಲಾ?"

"ಹೂಂ ಕಣಮ್ಮ. ಗೋಡೆ ಮೇಲೆ ಅಂಟಿಸಿದೀವಲ್ಲ, ನೋಡಲಿಲ್ವಾ? ನಿಮ್ಮ ಮಗಳು ದಾರ ಬಿಚ್ಚಿ ಓದಿದಾಳೆ."

ತಾಯಿ ಮಗಳ ಪುಸ್ತಕ ಎತ್ತಿ ಬೆಳಕಿಗೆ ಹಿಡಿದರು. "ಎಲ್ಲಿ ಬಿಚ್ಚಿದಾಳೆ? ಹೊಲಿಗೆ ಭದ್ರವಾಗೇ ಇದೆ." ಪಕ್ಕದಲ್ಲಿದ್ದ ಮಿಸ್ಸಿನ ಪ್ರತಿಯನ್ನೂ ನೋಡಿದರು. "ನಿಮ್ದೇ ಸೊಟ್ಟ."

"ಅದೇ ಸಾಕ್ಷಿ," ಅಂದರು ಹೆಡ್‌ಮೇಡಂ. "ನಮ್ಮ ಶಾಲೇಲಿ ಇಷ್ಟು ನೀಟಾಗಿ ಯಾರೂ ಹೊಲಿಯಲ್ಲ."

ತಾಯಿ ಮಗಳ ಕಡೆ ತಿರುಗಿದರು. ಮಗಳು ನೆಲ ನೋಡಿದಳು. ತಾಯಿಯ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಕಂಡಿತಾದರೂ ಅದು ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ನಾನು ದಾಖಲಿಸಲಿಲ್ಲ.

ಮಗುವಿನ ಭವಿಷ್ಯದ ದೃಷ್ಟಿಯಿಂದ ಸಮಿತಿ ಉದಾರವಾಗಿ ನಡೆದುಕೊಂಡು, ಬರೆದುಕೊಟ್ಟರೆ ಪ್ರಕರಣ ಕೈಬಿಡುವುದಾಗಿ ಹೇಳಿತು. 'ನಾನು ಮೂರನೇ ಅಧ್ಯಾಯದಿಂದ ಮುಂದಕ್ಕೆ ಓದಿಲ್ಲ. ಕೊನೆ ಏನೆಂದು ನನಗೆ ತಿಳಿಯದು. ಅಂದು ಕಣ್ಣಿಗೆ ಧೂಳು ಬಿದ್ದಿತ್ತು' ಎಂದು ಹುಡುಗಿ ಬರೆದುಕೊಟ್ಟಳು. ತಾಯಿ ಸಹಿ ಹಾಕಿದರು. ಮಿಸ್ಸಿನ ಪ್ರತಿಯನ್ನು ನೆಟ್ಟಗೆ ಹೊಲಿದುಕೊಡುವುದಾಗಿಯೂ ಒಪ್ಪಿದರು.

ಎಲ್ಲರೂ ಎದ್ದರು. ನಾನು ಕಾಗದ ಜೋಡಿಸುತ್ತಿದ್ದಾಗ ಮಿಸ್ ಬಾಗಿಲಲ್ಲಿ ಹುಡುಗಿಯ ತೋಳು ಹಿಡಿದು ನಿಲ್ಲಿಸಿದರು. ಹತ್ತೊಂಬತ್ತು ವರ್ಷದಲ್ಲಿ ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಏ ಹುಡುಗಿ... ಅವನು ವಾಪಸ್ ಬರ್ತಾನೇನೇ?"

ಹುಡುಗಿ ಅವರ ಮುಖವನ್ನೇ ನೋಡಿದಳು.

"ಗೊತ್ತಿಲ್ಲ ಮಿಸ್. ಈಗ ತಾನೇ ಬರ್ಕೊಟ್ಟಿದೀನಲ್ಲ."

ಒಂಬತ್ತನೇ ವಾರ ತರಗತಿಯ ಉಳಿದ ಮೂವತ್ತೇಳು ಮಕ್ಕಳು ಗಂಟೆ ಹೊಡೆಯುವುದರೊಳಗೆ ದುಃಖಪಟ್ಟು ಮುಗಿಸಿದರು. ಪಾಠ ಓದುತ್ತಿದ್ದ ಮಿಸ್ಸೂ ಎರಡು ಸಲ ನಿಲ್ಲಿಸಬೇಕಾಯಿತು. ಆ ಹುಡುಗಿಗೆ ಮಾತ್ರ ಕಣ್ಣೀರು ಬರಲಿಲ್ಲ. 'ಈ ವಾರ ತರಗತಿಯಲ್ಲಿ ಧೂಳಿರಲಿಲ್ಲ' ಎಂದು ಷರಾ ಬರೆದು ಅವಳಿಗೂ ಐದಕ್ಕೆ ಐದು ಕೊಟ್ಟೆವು. ಯಾರ ಆಕ್ಷೇಪಣೆಯೂ ಬಂದಿಲ್ಲ.