ಮಾವನ ಕಾರಿನ ಮಂಕು ಲೈಟು

ನನ್ನ ಸೋದರಮಾವ ದೇವರನ್ನು ನಂಬುತ್ತಿದ್ದರು, ಪಂಚಾಂಗವನ್ನು ನಂಬುತ್ತಿದ್ದರು, ಓಟು ಕೇಳಲು ಬಂದವರನ್ನೂ ಒಳಗೆ ಕರೆದು ಕಾಫಿ ಕೊಟ್ಟು ನಂಬುತ್ತಿದ್ದರು. ಡೈನಮೋವನ್ನು ಮಾತ್ರ ನಂಬುತ್ತಿರಲಿಲ್ಲ! ಎಂಜಿನ್ನಿನ ಪಕ್ಕದಲ್ಲಿ ತಿರುಗುತ್ತಾ ಬ್ಯಾಟರಿಗೆ ಕರೆಂಟು ತುಂಬುವ ಆ ಬಡಪಾಯಿ ಯಂತ್ರ ತಮ್ಮ ಬೆನ್ನ ಹಿಂದೆ ಏನೋ ಮಸಲತ್ತು ನಡೆಸಿದೆ ಎಂಬುದು ಅವರ ಖಚಿತವಾದ ಅಭಿಪ್ರಾಯ. ನೀವು ನಗುತ್ತೀರಿ. ಅವರೆದುರು ನಕ್ಕು ನೋಡಬೇಕಿತ್ತು!

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಜೋರಾಗಿದ್ದ ಕಾಲ. ನಾನು ಹೊಸನಗರದ ಶಾಲೆಗೆ ಟೀಚರಾಗಿ ಸೇರಿ ಮಾವನ ಮನೆಯಲ್ಲೇ ಇದ್ದೆ. ಮಾವ ಸಾಗರದಲ್ಲಿದ್ದ ತಮ್ಮ ಹೋಟೆಲು ಮಾರಿ, ಶಿವಮೊಗ್ಗದ ಡೀಲರ್ ಹತ್ತಿರ ಹೆಸರು ಬರೆಸಿ, ವರ್ಷಗಟ್ಟಲೆ ಕಾದು, ಒಂದು ಹೊಸ ಕಾರು ತಂದು ಬಾಡಿಗೆಗೆ ಬಿಟ್ಟಿದ್ದರು. ಬಿಟ್ಟಿದ್ದರು ಅಂದರೆ ಬೇರೆಯವರ ಕೈಗೆ ಬಿಟ್ಟರು ಅಂದುಕೊಳ್ಳಬೇಡಿ. ಸ್ಟಿಯರಿಂಗ್ ಮುಟ್ಟುವ ಹಕ್ಕು ಅವರೊಬ್ಬರಿಗೇ. ಹತ್ತುವವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕು. ಒಳಗೆ ಎಲೆ ಅಡಿಕೆ ಹಾಕುವಂತಿಲ್ಲ. ಸೀನು ಬಂದರೆ ಮೊದಲೇ ಹೇಳಬೇಕು, ಮಾವ ಕಾರು ನಿಲ್ಲಿಸುತ್ತಿದ್ದರು, ಇಳಿದು ಸೀನಿ ಬರಬೇಕು!

ಇಷ್ಟೆಲ್ಲ ಮಡಿಯಿಂದ ಸಾಕಿದ ಕಾರಿಗೆ ಒಂದು ರೋಗ ಹಿಡಿಯಿತು. ಲೈಟು ಮಂಕು.

"ಹೊತ್ತು ಮುಳುಗಿತು ಅಂದ್ರೆ ಸಾಕು, ಎದುರಿಗೆ ಬೂದಿ ಎರಚಿದ ಹಂಗೆ ಆಗುತ್ತೆ ಮಾರಾಯ್ತಿ," ಎಂದು ಮಾವ ನನ್ನ ಹತ್ತಿರ ದೂರಿದರು. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಹಗಲು ಹೊತ್ತು ಬಸ್ಸಿದೆ, ಬಾಡಿಗೆ ಕಾರು ಯಾರಿಗೆ ಬೇಕು? ಕಾರಿನ ನೆನಪಾಗುವುದು ಕತ್ತಲಾದ ಮೇಲೆಯೇ. ಹೆರಿಗೆ ನೋವು ಬಂತು, ಹಾವು ಕಡಿಯಿತು, ತೀರ್ಥಹಳ್ಳಿಯಲ್ಲಿ ಅಜ್ಜ ಹೋದರಂತೆ, ಹೀಗೆ. ಲೈಟು ಸರಿಯಾಗದಿದ್ದರೆ ಈ ಬಾಡಿಗೆಗಳು ತಪ್ಪುತ್ತವೆ. ಬಾಡಿಗೆ ತಪ್ಪಿದರೆ ಕಾರು ಮಾರಬೇಕು. ಕಾರು ಮಾರಿದರೆ ಮಾವ ಯಾರದೋ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರಬೇಕು. ಹೊಸನಗರದಿಂದ ಸಾಗರದವರೆಗೆ "ಕಾರಿನ ಯಜಮಾನರು" ಎಂದು ಕರೆಸಿಕೊಂಡ ಮನುಷ್ಯ, ಅದನ್ನು ನೆನೆದರೇ ಊಟ ಬಿಡುತ್ತಿದ್ದರು.

ಹಾಗಾಗಿ ಚಿಕಿತ್ಸೆ ಮನೆಯಲ್ಲೇ ಶುರುವಾಯಿತು. ಮೊದಲು ಲೈಟಿನ ಗಾಜು ಬಿಚ್ಚಿ ದೇವರ ಕೋಣೆಯ ವಿಭೂತಿಯಿಂದ ತಿಕ್ಕಿದರು. ಅತ್ತೆ ಕೇಳಿದ್ದಕ್ಕೆ, "ಅಂಗಡಿ ಪುಡಿ ಹಾಕಿದ್ರೆ ಗೀರು ಬೀಳುತ್ತೆ, ಇದು ದೇವರದ್ದು" ಎಂಬ ಉತ್ತರ ಸಿಕ್ಕಿತು. ಆಮೇಲೆ ಬ್ಯಾಟರಿಗೆ ಶೀತವಾಗಿದೆ ಎಂದು ಪತ್ತೆ ಹಚ್ಚಿದರು. ಪ್ರತಿ ರಾತ್ರಿ ಅದನ್ನು ಬಿಚ್ಚಿ ತಂದು, ಬಚ್ಚಲೊಲೆಯ ಪಕ್ಕ ಮಣೆ ಹಾಕಿ ಕೂರಿಸಿ, ಕಂಬಳಿ ಹೊದಿಸುತ್ತಿದ್ದರು. ಆ ಮನೆಯಲ್ಲಿ ನನಗೆ ಕೊಟ್ಟದ್ದು ತೂತು ಬಿದ್ದ ಕಂಬಳಿ! ಬ್ಯಾಟರಿಗೆ ಹೊಸದು!

ಅತ್ತೆಯ ಬಗ್ಗೆ ಈಗಲೇ ಹೇಳಿಬಿಡಬೇಕು. ಅತ್ತೆ ಅಂದರೆ ಬಾಯಿ. ಸಂಜೆಯ ಹೊತ್ತಿಗೆ ಮಾವ ಕಾರಿನಲ್ಲಿ ಎಲ್ಲಿಗೇ ಹೊರಡಲಿ, ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಹಾಜರ್. ಕೂತದ್ದೇ ತಡ, ಶುರು!

"ನೋಡಿ, ಹಾಲಿನ ನಾಗಮ್ಮನ ಮನೆ ಬಂತು, ಇನ್ನೂ ದೀಪ ಹಚ್ಚಿಲ್ಲ ಪುಣ್ಯಾತ್ಗಿತ್ತಿ. ಅಲ್ಲ, ಇಲ್ಲಿ ಬಲಕ್ಕೆ ಯಾರು ಜಲ್ಲಿ ಸುರಿದು ಹೋದ್ರು? ಇವರಪ್ಪನ ಮನೆ ರಸ್ತೆನಾ? ಎತ್ತಿನ ಗಾಡಿಯವನು ಬಂದ ನೋಡಿ, ಮಧ್ಯದಲ್ಲೇ ಬರ್ತಾನೆ ಮಹಾರಾಜ. ಅವನ ಹೆಂಡ್ತಿ ತೌರಿಗೆ ಹೋಗಿ ಕೂತಿದಾಳಂತೆ. ಹಾಂ, ಈಗ ಸೇತುವೆ. ಈ ಸೇತುವೆ ಕಟ್ಟಿದ ಕಂತ್ರಾಟುದಾರನ ಮಗಳು ನಮ್ಮ ತಂಗಿ ಶಾರದೆ ಕ್ಲಾಸು..."

ತಿರುಗಿ ಹೊಸನಗರಕ್ಕೆ ಬರುವವರೆಗೆ ಉಸಿರು ತೆಗೆದುಕೊಳ್ಳುತ್ತಿದ್ದರೋ ಇಲ್ಲವೋ ನನಗೆ ಅನುಮಾನ. ಹಿಂದಿನ ಸೀಟಿನಲ್ಲಿ ಕೂತು ತಲೆ ಚಿಟ್ಟು ಹಿಡಿದ ನಾನು ಒಮ್ಮೆ, "ಅತ್ತೆ, ಸ್ವಲ್ಪ ಹೊತ್ತು ಸುಮ್ಮನೆ ಇರಬಾರದಾ?" ಅಂದುಬಿಟ್ಟೆ. ಉತ್ತರ ಕೊಟ್ಟದ್ದು ಮಾವ.

"ಮಾತಾಡ್ಲಿ ಬಿಡೇ. ಅವಳು ಸುಮ್ಮನಾದ್ರೆ ಕಾರಿಗೆ ನಿದ್ದೆ ಬರುತ್ತೆ."

ಇದನ್ನು ಅವರು ನಗದೆ ಹೇಳಿದರು. ಮಾವ ಯಾವುದನ್ನೂ ನಕ್ಕು ಹೇಳಿದವರಲ್ಲ.

ಕತ್ತಲಾದ ಮೇಲೆ ಬಾಡಿಗೆ ಕೇಳಲು ಯಾರಾದರೂ ಬಂದರೆ ಮಾವ ಏಳುವ ಮೊದಲೇ ಅತ್ತೆ ಜಗಲಿಗೆ ಹೋಗಿ, "ಲೈಟು ರಿಪೇರಿ ಆಗ್ದೆ ಕಾರು ಹೊರಡಲ್ಲ ಮಾರಾಯ್ರೆ, ಆ ಲಾರಿಯವರನ್ನ ಕೇಳಿ" ಎಂದು ಸಾಗಹಾಕುತ್ತಿದ್ದರು. ಮಾವ ಒಳಗೆ ಕೂತು ಹಲ್ಲು ಕಡಿಯುತ್ತಿದ್ದರು, ಅತ್ತೆಯ ಮೇಲಲ್ಲ, ಶಿವಮೊಗ್ಗದ ಡೀಲರ್ ಮೇಲೆ.

ಡೀಲರ್ ಅಂದರೆ ಅಲ್ಲಿನ ಮ್ಯಾನೇಜರು. ಟೈ ಕಟ್ಟಿದ, ಮಾತಿಗೊಮ್ಮೆ ಮೇಜಿನ ಮೇಲಿನ ಗಾಜನ್ನು ಒರೆಸುವ ಮನುಷ್ಯ. ಮಾವ ಮೊದಲ ಸಲ ಹೋದಾಗ ಆತ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಲೈಟು ಹತ್ತಿಸಿ, "ಉರೀತಿದೆಯಲ್ಲ ಸ್ವಾಮಿ?" ಎಂದರಂತೆ.

"ಸೂರ್ಯನೂ ಉರೀತಿದಾನೆ. ಅದೂ ನಿಮ್ಮ ಕಂಪನಿಯದ್ದಾ?" ಎಂದು ಮಾವ ಕೇಳಿ ಬಂದರು.

ಮುಂದಿನ ಸಲ ಕಾರನ್ನು ಕತ್ತಲೆಯ ಶೆಡ್ಡಿಗೆ ದೂಡಿ ನೋಡಿದರು. ಎದುರಿನ ಗೋಡೆ ಫಳಫಳ ಹೊಳೆಯಿತು. "ಗೋಡೆ ಮೂಗಿನ ಹತ್ರ ಇದ್ರೆ ಚಿಮಣಿ ಬುಡ್ಡಿಗೂ ಹೊಳೆಯುತ್ತೆ" ಎಂದರು ಮಾವ. ಬಲ್ಬು ಬದಲಾಯಿತು. ಬ್ಯಾಟರಿ ಬದಲಾಯಿತು. ಮಾವನ ಜನ್ಮವೈರಿ ಡೈನಮೋವೂ ಬದಲಾಯಿತು. ಕೇಳಿದ್ದಕ್ಕೆಲ್ಲ ಮ್ಯಾನೇಜರದು ಒಂದೇ ಮಾತು: "ಬದಲಿ ಸಿಗುತ್ತೆ ಸ್ವಾಮಿ, ಮದ್ರಾಸಿಂದ ಬರಬೇಕು." ಮದ್ರಾಸಿನಿಂದ ಎಲ್ಲವೂ ಬಂತು, ಬೆಳಕೊಂದು ಬಿಟ್ಟು. ಆದರೆ "ತಪ್ಪು ನಮ್ಮದು" ಎಂದು ಮಾತ್ರ ಆ ಪುಣ್ಯಾತ್ಮ ಬಾಯಿಬಿಡಲಿಲ್ಲ. ಮಾವನಿಗೆ ಬೇಕಾದದ್ದು ಅದೊಂದೇ ಮಾತು.

ಕೊನೆಗೆ ಮಾವ ಸಾಕ್ಷಿ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದರು. ಸಾಕ್ಷಿಗಳು ಯಾರು? ಅತ್ತೆ ಮತ್ತು ನಾನು. ದಾರಿಯುದ್ದಕ್ಕೂ ನನಗೆ ಸಂಕಟ. ಯಾಕೆಂದರೆ, ಸತ್ಯ ಹೇಳಬೇಕೆಂದರೆ, ಹಿಂದಿನ ಸೀಟಿನಿಂದ ನನಗೆ ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು! ಮಾವನಿಗೆ ರಥಬೀದಿಯ ಬೆಳಕು ಬೇಕೇನೋ, ಹಟದ ಮನುಷ್ಯ ಎಂದುಕೊಂಡಿದ್ದೆ.

"ಹೇಳಮ್ಮ, ಲೈಟು ಹೇಗಿದೆ?" ಎಂದರು ಮ್ಯಾನೇಜರು ಅತ್ತೆಯ ಕಡೆ ತಿರುಗಿ.

"ಮಂಕೇ ಸ್ವಾಮಿ," ಎಂದರು ಅತ್ತೆ, ಕಣ್ಣು ಮಿಟುಕಿಸದೆ. "ನಂಗೂ ಏನೂ ಕಾಣಲ್ಲ."

ಸಂಜೆಗತ್ತಲಲ್ಲಿ ಹಾಲಿನ ನಾಗಮ್ಮನ ಅಂಗಳದ ಕೋಳಿ ಎಣಿಸುವ ಹೆಂಗಸು! ನಾನು ಬಾಯಿ ತೆರೆದೆ. ಅತ್ತೆ ಸೆರಗಿನ ಮರೆಯಲ್ಲಿ ನನ್ನ ತೋಳಿಗೆ ಒಂದು ಚಿವುಟು ಕೊಟ್ಟರು ನೋಡಿ, ಆ ಕಲೆ ವಾರವಾದರೂ ಮಾಸಲಿಲ್ಲ. "ಮಂಕೇ" ಎಂದೆ ನಾನೂ. ಗಂಡನ ಮಾತು ಉಳಿಸಲು ಹೆಂಡತಿ ಸುಳ್ಳು ಹೇಳುವುದು ಇದ್ದದ್ದೇ ಎಂದುಕೊಂಡು ತೋಳು ತಿಕ್ಕಿಕೊಂಡೆ.

ಮ್ಯಾನೇಜರು ಗಾಜು ಒರೆಸುತ್ತಾ, "ಇನ್ನೊಂದು ಸಲ ಹಾಗಾದ್ರೆ ಅಲ್ಲೇ ನಿಲ್ಲಿಸಿ ಹೇಳಿ ಕಳಿಸಿ. ನಾನೇ ಬಂದು ನೋಡ್ತೀನಿ" ಎಂದರು. ಪೀಡೆ ತೊಲಗಲಿ ಎಂದು ಅಂದ ಮಾತು ಅದು. ಮಾವ ಅದನ್ನು ಭದ್ರವಾಗಿ ಇಟ್ಟುಕೊಂಡರು.

ಆ ಚಳಿಗಾಲದಲ್ಲಿ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಜರೆಯುವ ಹಾಡು, ಎಲ್ಲ ಅತ್ತೆಯದೇ. ಹಾಡಿ ಹಾಡಿ ಗಂಟಲು ಪೂರಾ ಕಟ್ಟಿತು. ಹೊರಡುವಾಗ ಬಾಯಿ ತೆರೆದರೆ ಬರೀ ಗಾಳಿ! ಒಳಗೊಳಗೇ ನಾನು ಎಷ್ಟು ಖುಷಿಪಟ್ಟೆ ಅಂತೀರಿ. ಜನ್ಮದಲ್ಲಿ ಒಂದು ಸಲವಾದರೂ ಆ ರಸ್ತೆಯಲ್ಲಿ ನೆಮ್ಮದಿಯಾಗಿ ಹೋಗಬಹುದಲ್ಲ!

ನೆಂಟರು ಮತ್ತೊಂದು ಸುತ್ತು ಕಾಫಿ ಕೊಟ್ಟು ತಡಮಾಡಿದರು. ಹುಂಚದ ಹತ್ತಿರ ಬರುವಾಗ ಮುಚ್ಚಂಜೆ. ಅತ್ತೆ ಮಾವನ ತೋಳು ಹಿಡಿದು ಜಗ್ಗಿದರು. ನಿಲ್ಲಿಸಿ ಎಂದು ಕೈಸನ್ನೆ ಮಾಡಿದರು. "ಸುಮ್ನಿರೇ, ಗೇರು ಹಾಕ್ತಾ ಇದೀನಿ," ಎಂದರು ಮಾವ. ರಸ್ತೆ ಎಡಕ್ಕೆ ತಿರುಗಿತು. ನಾವು ತಿರುಗಲಿಲ್ಲ. ಕಾರು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಕೊಯ್ಲಾದ ಗದ್ದೆಯೊಂದಕ್ಕೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮಾತ್ರ ಮಾವನ ತೋಳು ಬಿಡಲೇ ಇಲ್ಲ.

"ಸಿಕ್ಕಿಬಿದ್ದ!" ಎಂದರು ಮಾವ. ಸಿಕ್ಕಿಬಿದ್ದವನು ಡೀಲರ್.

ಅವತ್ತು ಹುಂಚದ ಪರಿಚಯದವರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಕೈಲಿ ಶಿವಮೊಗ್ಗಕ್ಕೆ ಸುದ್ದಿ ಹೋಯಿತು. ಊರವರು ಎತ್ತು ಕಟ್ಟಿ ಕಾರು ಎಳೆಯಲು ಬಂದರೆ ಮಾವ ಅಡ್ಡ ನಿಂತರು. "ಯಾರೂ ಮುಟ್ಟಬೇಡಿ. ಇದು ಸಾಕ್ಷಿ. ಅವರು ಬಂದು ನೋಡೋ ತನಕ ಕದಲಬಾರದು." ಕೊಲೆಯಾದ ಜಾಗಕ್ಕೆ ಪೋಲೀಸರು ಕಾವಲಿದ್ದ ಹಾಗೆ ದಿನವಿಡೀ ಬದುವಿನ ಮೇಲೆ ಕೊಡೆ ಹಿಡಿದು ಕೂತರು.

ಮಧ್ಯಾಹ್ನ ಕಳೆದ ಮೇಲೆ ಮ್ಯಾನೇಜರು ತಮ್ಮ ಕಾರಿನಲ್ಲಿ ಬಂದೇಬಿಟ್ಟರು! ಕೆಂಡಾಮಂಡಲವಾಗಿದ್ದರು. "ಎಲ್ಲಿ, ತೋರಿಸಿ ನಿಮ್ಮ ಮಂಕು ಲೈಟು" ಎಂದರು. "ಕತ್ತಲಾಗಲಿ," ಎಂದರು ಮಾವ ತಣ್ಣಗೆ, ಮತ್ತು ಅವರಿಗೆ ಅವಲಕ್ಕಿ ಕೊಡಿಸಿದರು.

ಕತ್ತಲಾಯಿತು. ಅರ್ಧ ಊರು ಬದುವಿನ ಮೇಲೆ ನೆರೆದಿತ್ತು. ಮ್ಯಾನೇಜರು ಪ್ಯಾಂಟು ಮಡಚಿಕೊಂಡು ಗದ್ದೆಗಿಳಿದು, ಕಾರಿನೊಳಗೆ ಕೂತು ಸ್ವಿಚ್ಚು ಎಳೆದರು. ಗದ್ದೆಯ ಒಂದೊಂದು ಕೂಳೆಯೂ ಬೆಳಗಿತು. ಆಚೆ ಬದುವಿನಲ್ಲಿ ನಿಂತಿದ್ದ ಒಂದು ಎಮ್ಮೆ ತಲೆಯೆತ್ತಿ ನಮ್ಮನ್ನೇ ನೋಡಿತು. ಅದರ ಕಣ್ಣು ಕೆಂಡದ ಹಾಗೆ ಹೊಳೆಯಿತು.

"ನೋಡಿದ್ರಾ?" ಎಂದು ಮಾವ ಗೆದ್ದವರ ದನಿಯಲ್ಲಿ ಕೂಗಿದರು. "ಇದನ್ನ ಬೆಳಕು ಅಂತೀರಾ? ಎದುರಿಗೆ ಏನಾದ್ರೂ ಕಾಣುತ್ತಾ?"

"ಎಮ್ಮೆ ಕಾಣುತ್ತಲ್ಲ ಸ್ವಾಮಿ!"

"ಎಮ್ಮೆನಾ? ಯಾವ ಎಮ್ಮೆ?"

ಬದುವಿನ ಮೇಲೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಎಮ್ಮೆಯ ಕೊರಳ ಗಂಟೆ ಅಲುಗಿತು. ಮಾವ ಆ ಸದ್ದಿನ ಕಡೆ ಮುಖ ತಿರುಗಿಸಿ, ಕಣ್ಣು ಕಿರಿದು ಮಾಡಿ, ಹುಡುಕಿದರು. ಎಮ್ಮೆ ಅವರ ನೇರಕ್ಕೇ ನಿಂತಿತ್ತು. ಅವರು ಹುಡುಕುತ್ತಲೇ ಇದ್ದರು. ನಕ್ಕವರು ಬಾಯಿ ಮುಚ್ಚಿದರು.

ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಆಶ್ಚರ್ಯವೇ ಇರಲಿಲ್ಲ. ತೋಳಿಗೆ ಬಿದ್ದ ಚಿವುಟು, ಜಗಲಿಯಿಂದ ವಾಪಸು ಹೋದ ಬಾಡಿಗೆಗಳು, ಜಲ್ಲಿ, ಎತ್ತಿನ ಗಾಡಿ, ಸೇತುವೆ, ಎಲ್ಲ ಒಟ್ಟಿಗೆ ನನಗೆ ಅರ್ಥವಾಯಿತು. ಅಯ್ಯೋ, ಈ ಹೆಂಗಸಿಗಾ ನಾನು ಸುಮ್ಮನಿರಿ ಅಂದದ್ದು!

ಮ್ಯಾನೇಜರು ಲೈಟು ಆರಿಸಿದರು. ಸ್ವಲ್ಪ ಹೊತ್ತು ಒಳಗೇ ಕೂತಿದ್ದು, ಇಳಿದು ಬಂದರು.

"ನೀವು ಹೇಳಿದ್ದೇ ಸರಿ ಸ್ವಾಮಿ. ಲೈಟು ಮಂಕೇ. ತಪ್ಪು ನಮ್ಮದು. ಕಾರು ನಮ್ಮಲ್ಲಿ ಇರಲಿ, ವೈರಿಂಗ್ ಪೂರ್ತಿ ಬದಲಾಯಿಸೋಣ."

ಯಾವ ಮಾತಿಗಾಗಿ ಮಾವ ಅಷ್ಟು ಸಲ ಶಿವಮೊಗ್ಗಕ್ಕೆ ಅಲೆದರೋ ಆ ಮಾತು, ಊರವರೆಲ್ಲರ ಎದುರಿಗೆ! ಮಾವ ಹಿಗ್ಗಬೇಕಿತ್ತು. ಅವರು ಅಲ್ಲಾಡದೆ ನಿಂತರು.

"ಏನಂದ್ರಿ?"

"ತಪ್ಪು ನಮ್ಮದು ಅಂದೆ."

ಮಾವ ಮೆಲ್ಲಗೆ, "ನೀವು ಹಂಗೆಲ್ಲ ಒಪ್ಪೋರಲ್ಲ," ಎಂದರು. ಅತ್ತೆ ಇದ್ದಾರೆಂದುಕೊಂಡ ಕಡೆಗೆ ತಿರುಗಿದರು. "ಏ ಇವಳೇ. ಎಮ್ಮೆ ಇತ್ತಾ?"

ಅತ್ತೆ ಬಾಯಿ ತೆರೆದರು. ದನಿ ಎಲ್ಲಿದೆ? ತಲೆಯಾಡಿಸಿದರು. ಆ ಕತ್ತಲಲ್ಲಿ ಅದು ಮಾವನಿಗೆ ಹೇಗೆ ಕಾಣಬೇಕು? ಆಗ ಅತ್ತೆ ಮಾವನ ಕೈ ಹಿಡಿದು ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡು, ಹೌದೆಂದು ತಲೆಯಾಡಿಸಿದರು. ಮಾವನ ಕೈ ಅದರ ಜೊತೆಗೇ ಮೇಲೆ ಕೆಳಗೆ ಆಡಿತು. ನಾನು ಅಷ್ಟು ಜನರೆದುರೇ ಅತ್ತುಬಿಟ್ಟೆ.

ಮಾವ ಜೇಬಿನಿಂದ ಕಾರಿನ ಇನ್ನೊಂದು ಕೀಲಿಯನ್ನೂ ತೆಗೆದು ಮ್ಯಾನೇಜರ ಕೈಗೆ ಕೊಟ್ಟರು. ಮಂಗಳೂರಿನ ಕಣ್ಣಿನ ಡಾಕ್ಟರು ಈ ಇರುಳುಗುರುಡಿಗೆ ಮದ್ದಿಲ್ಲ ಅಂದದ್ದು ಆಮೇಲಿನ ಮಾತು. ಮಾವನಿಗೆ ಉತ್ತರ ಆ ಗದ್ದೆಯಲ್ಲೇ ಸಿಕ್ಕಿತ್ತು.

ಮ್ಯಾನೇಜರು ನಮ್ಮನ್ನು ತಮ್ಮ ಕಾರಿನಲ್ಲೇ ಹೊಸನಗರಕ್ಕೆ ಬಿಡಲು ಬಂದರು. ನಾನು ಮುಂದೆ, ಮಾವ ಅತ್ತೆ ಹಿಂದೆ. ಹತ್ತುವಾಗ ಮಾವ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಕಾರಿನಲ್ಲಿ ಅತ್ತೆಯ ದನಿ ಇಲ್ಲದ ಆ ಮೌನ ನನಗೆ ತಡೆಯಲಾಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹಿಂದಿನಿಂದ ಮಾವನ ದನಿ ಕೇಳಿತು.

"ಚಕ್ರದ ಕೆಳಗೆ ದಡದಡ ಅಂತಿದೆಯಲ್ಲ, ಅದು ಸೇತುವೆ. ಕಂತ್ರಾಟುದಾರನ ಮಗಳು ನಮ್ಮ ಶಾರದೆ ಕ್ಲಾಸು. ಈಗ ಎಡಕ್ಕೆ ಜಲ್ಲಿ. ಆಮೇಲೆ ನಾಗಮ್ಮನ ಮನೆ, ದೀಪ ಹಚ್ಚಿರಲ್ಲ ಪುಣ್ಯಾತ್ಗಿತ್ತಿ. ಸರಿ ಹೇಳ್ತಾ ಇದೀನಾ?"

ನಾನು ತಿರುಗಿ ನೋಡಿದೆ. ಮಾವನ ಅಂಗೈ ಅತ್ತೆಯ ನೆತ್ತಿಯ ಮೇಲೆಯೇ ಇತ್ತು. ಅತ್ತೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

"ಮನೆಗೆ ಹೋದ ಕೂಡಲೇ ಶುಂಠಿ ಕಷಾಯ ಮಾಡಿ ಕುಡಿ," ಎಂದರು ಮಾವ. "ಗಂಟಲು ಬೇಗ ಸರಿಮಾಡಿಕೋ ಮಾರಾಯ್ತಿ. ಅದಕ್ಕೆ ಬದಲಿ ಮದ್ರಾಸಿನಲ್ಲೂ ಸಿಗಲ್ಲ."