ರೋಬಟ್ ಜೋಡಿಸಿದವಗೇ ಹುಡುಗಿ

ಬಾಗಿಲ ಮುಂದ ಮಾಡು ತಂಗಿ. ಪೂರಾ ಬ್ಯಾಡ, ಜರಾ ಸಂದಿ ಬಿಡು, ಯಾರರೆ ಬಂದ್ರ ನನಗ ಕಾಣ್ಬೇಕು. ಹಾಂ. ಈಗ ಸನ್ನತಿ ಚಂದ್ರಲಾಂಬವ್ವನ ಆಣಿ ಮಾಡು, ಈ ಮಾತ ಯಾರ ಮುಂದೂ ಆಡಂಗಿಲ್ಲ ಅಂತ. ನಿನ್ನ ಗಂಡನ ಮುಂದ ಸುದ್ದಾ ಇಲ್ಲ. ಗಂಡಸ್ರ ಹೊಟ್ಟ್ಯಾಗ ಮಾತು ನಿಂದ್ರಂಗಿಲ್ಲ. ನಂದು ಹಂಗಲ್ಲ, ಆಣಿ ಮಾಡಿದ್ರ ಮುಗೀತು. ಫಿಟ್ಟರ್ ವೈನಿ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾಳ, ಅದಕ್ಕೇ ನಿನ್ನೊಬ್ಬಾಕಿ ಮುಂದ ಹೇಳ್ಲಿಕತ್ತೀನಿ. ನಳದ ಹತ್ರ ಇಬ್ಬರು ಮೂವರಿಗಿ ಹೇಳಿದ್ದು ಬ್ಯಾರೆ ಮಾತು, ಅವರು ತಾವೇ ಕೇಳಿದ್ರು.

ನೀ ವಾಡಿಗಿ ಹೊಸದಾಗಿ ಬಂದಾಕಿ, ನಿನಗ ಗೊತ್ತಿಲ್ಲ. ಈ ಫ್ಯಾಕ್ಟರಿ ಲೈನಿನ ಮನಿಗಳಿಗಿ ನಡುವ ಒಂದೇ ಗ್ವಾಡಿ. ನಾ ಕದ್ದು ಕೇಳೂ ಪೈಕಿ ಅಲ್ಲ, ಮಾತು ತಾನೇ ಬಂದು ಕಿವ್ಯಾಗ ಬೀಳ್ತದ. ಬಾಜೂ ಮನಿ ಫಿಟ್ಟರಣ್ಣನ ಮನ್ಯಾಗಂತೂ ಒಂದು ನಗಿ ಮುಗ್ಯೂದ್ರಾಗ ಇನ್ನೊಂದು ಶುರು ಆಗ್ತದ. ಅವ, ಅವನ ಹೆಂಡ್ತಿ ನಮ್ಮ ವೈನಿ, ಮದವಿ ವಯಸ್ಸಿನ ಒಬ್ಬಾಕಿ ಮಗಳು. ಮೂರೇ ಮಂದಿ. ಆದ್ರ ತಮಾಷಾ ಊರಿಗಾಗೋವಷ್ಟು.

ಆಳು ಬರ್ಲಿಕತ್ಯಾನ

ವೈನಿ ಅಣ್ಣ ಕುವೈತದಾಗ ಇರ್ತಾನ. ಸೂಟಿಗಿ ಬರೂಮುಂದ ಯಾರದೋ ಕೈಲೆ ಸುದ್ದಿ ಕಳಿಸಿದ್ದ, “ನಿಮಗ ಜಪಾನಿನ ದೊಡ್ಡ ಮಷಿನ್ ಮನಷ್ಯಾನ್ನ ತರ್ಲಿಕತ್ತೀನಿ, ರೋಬಟ್ ಅಂತಾರ” ಅಂತ.

ವೈನಿಗಿ ಹಿಗ್ಗೇ ಹಿಗ್ಗು. ನೀರ ತರ್ತಾನಂತ, ಜ್ವಾಳ ಬೀಸಿಸ್ಕೊಂಡು ಬರ್ತಾನಂತ. ಅವ ನಿಂದ್ರಾಕ ಜಾಗಾ ಬೇಕಂತ ಮೂಲ್ಯಾಗಿನ ಜ್ವಾಳದ ಚೀಲ ಸರಿಸಿದ್ಳು. ಫಿಟ್ಟರಣ್ಣ ಟೇಪ್ ಹಿಡಿದು ಬಾಗಿಲ ಚೌಕಟ್ಟು ಅಳದ. ಸಂಜೀಕಿ ವೈನಿ ಮಾರಿ ಸಣ್ಣದು ಮಾಡ್ಕೊಂಡು ನನ್ನ ಹತ್ರ ಬಂದ್ಳು.

“ಅಲ್ಲವ್ವಾ, ಎಷ್ಟಂದ್ರೂ ಗಂಡಾಳು. ಬೆಳದ ಮಗಳಿದ್ದ ಮನಿ. ರಾತ್ರಿ ಎಲ್ಲಿ ಮಲಗಸ್ಲಿ?”

“ಹೊರಗ ಕಟ್ಟಿ ಮ್ಯಾಲ ಮಲಗ್ಲಿ ಬಿಡ್ರಿ, ಕಾವಲಾದ್ರೂ ಆಗ್ತದ” ಅಂದೆ ನಾ.

ಕುವೈತದ ಅಣ್ಣ ಬಂದ. ಬಗಲಾಗ ಒಂದು ಡಬ್ಬಿ, ಜೋಡು ಚಪ್ಪಲಿ ಹಿಡಿಯೋವಷ್ಟು. ಮ್ಯಾಲ ಚಿತ್ರ ನೋಡ್ಬೇಕು ತಂಗಿ! ಬಿಳೀ ರಾಕ್ಷಸ, ಕೈಯಾಗ ಖಡ್ಗ, ಮಾಳಿಗಿ ಮನಿಗಳೆಲ್ಲಾ ಅವನ ಮೊಣಕಾಲಿಗಿ ಬರ್ತಾವ. ಡಬ್ಬಿ ತೆಗದ್ರ ಒಳಗ ರಾಕ್ಷಸನೂ ಇಲ್ಲ, ಖಡ್ಗನೂ ಇಲ್ಲ. ತಲಿ ಬಾಚೋ ಹಣಿಗಿ ಹಂಗ ಪ್ಲಾಸ್ಟಿಕಿನ ಕಡ್ಡಿ, ಕಡ್ಡಿಗೊಂದು ಬೆರಳು, ಕಡ್ಡಿಗೊಂದು ಕಾಲು ಅಂಟ್ಕೊಂಡಾವ.

ವೈನಿ ಅಳ್ಲಿಕ್ಕೇ ಶುರು ಮಾಡಿದ್ಳು. “ನಮ್ಮಣ್ಣಗ ಮೋಸ ಮಾಡ್ಯಾರ! ಪೂರಾ ಒಡದ ಮಾಲ್ ಕಟ್ಟಿ ಕೊಟ್ಟಾರ!”

“ಹಂಗಲ್ಲವ್ವಾ, ಇದನ್ನ ನಾವೇ ಕುಂತು ಜೋಡಿಸ್ಬೇಕು. ಅದೇ ಇದರ ಮಜಾ” ಅಂದ ಅಣ್ಣ.

ನನಗ ತಡೀಲಿಲ್ಲ. “ಆಳ ತರ್ತೀನಂತ ಹೇಳಿ ಸಮುದ್ರದಾಚಿಂದ ನಮಗೇ ಕೆಲಸಾ ಹೊತ್ಕೊಂಡು ಬಂದಿರೆಲ್ರೀ ಅಣ್ಣಾ!”

ಮಾಸ್ತರ ಸಾಹೇಬರು ಓದಿದ್ರು

ಅಣ್ಣ ಸೂಟಿ ಮುಗಿಸ್ಕೊಂಡು ಹೊಂಟೋದ, ಡಬ್ಬಿ ಉಳೀತು. ಅದರಾಗ ಒಂದು ಪುಸ್ತಕ ಇತ್ತು, ಹೆಂಗ ಜೋಡಿಸೂದಂತ. ಅಕ್ಷರೆಲ್ಲಾ ಜಪಾನಿಂದು, ಗುಬ್ಬಿ ಗೂಡು ಕೆದರಿದಂಗ. ಫಿಟ್ಟರಣ್ಣ ಹಿಂದಿನ ಲೈನಿನ ಉರ್ದು ಶಾಲಿ ಮಾಸ್ತರ ಸಾಹೇಬರನ್ನ ಕರಕೊಂಡು ಬಂದ. ಕಲತವರು, ಏನರೆ ತಿಳೀಬಹುದು ಅಂತ.

ಮಾಸ್ತರ ಸಾಹೇಬರು ಚಸ್ಮಾ ಏರಿಸಿ ನೋಡಿ ಅಂದ್ರು, “ಅಕ್ಷರ ನನಗೂ ತಿಳ್ಯಾಂಗಿಲ್ಲ. ಆದ್ರ ಪುಸ್ತಕ ಬಲಗಡಿಂದ ತೆಗೀಬೇಕು, ಅಷ್ಟು ಗ್ಯಾರಂಟಿ. ನಾ ಹುಟ್ಟಾ ಹಂಗೇ ಓದೀನಿ.”

ಸರಿ, ಬಲಗಡಿಂದ ತೆಗದ್ರು. ಮೊದಲ್ನೇ ಹಾಳ್ಯಾಗ ರೋಬಟ್ ಖಡ್ಗ ಎತ್ತಿ ಶಾನದಾಗ ನಿಂತದ. ಇಬ್ಬರೂ ಖುಷಿ. ಹಾಳಿ ತಿರುವಿದ್ರು, ಖಡ್ಗ ಹೋತು. ಇನ್ನೊಂದು ತಿರುವಿದ್ರು, ಕೈ ಹೋತು. ಮುಂದ ತಲಿ ಹೋತು, ಕಾಲು ಹೋತು. ಕಡೀಕ್ ನೋಡಿದ್ರ ಬರೇ ಹಣಿಗಿ.

ಫಿಟ್ಟರಣ್ಣ ತೊಡಿ ಬಡ್ಕೊಂಡ. “ಮಾಸ್ತರ ಸಾಹೇಬ್ರ, ಇದು ಜೋಡಸೂ ಪುಸ್ತಕ ಅಲ್ರೀ! ಬಿಚ್ಚೂ ಪುಸ್ತಕ!”

ಮಾಸ್ತರ ಸಾಹೇಬರು ಹಾಳಿ ನೋಡಿದ್ರು, ಡಬ್ಬಿ ನೋಡಿದ್ರು, ಗಡ್ಡ ಸವರಿದ್ರು. “ಕಂಪನಿಯವರು ಭಾಳ ಶರೀಫ್ ಮಂದಿ ಕಾಣ್ತಾರ. ಬಿಚ್ಚೋ ಕೆಲಸಾ ಅವರೇ ಮುಗಿಸಿ ಕಳಿಸ್ಯಾರ, ನಿಮಗ ತ್ರಾಸ ಬ್ಯಾಡಂತ.”

ಬೀಗರು ಬಡದು ನೋಡಿದ್ರು

ಮರುದಿನ ಪುಸ್ತಕ ತಿರುಗಿಸಿ ಹಿಡದ್ರು, ಎಲ್ಲಾ ತಿಳೀತು. ಆದ್ರ ಫಿಟ್ಟರಣ್ಣನ ಕೈ ಎಂಥಾವು? ಫ್ಯಾಕ್ಟರ್ಯಾಗ ನಟ್ಟು ಬಿಗಿಯೂ ತೊಲಿಯಂಥ ಪಾನಾ ಹಿಡಿಯೂ ಕೈ. ತೊಗರಿ ಬ್ಯಾಳಿಯಷ್ಟು ಸಾಮಾನು ಆ ಬೆರಳಿಗಿ ಸಿಗ್ತಾವೇನು? ಸಿಟ್ಟು ಬಂದು ಎಲ್ಲಾ ಡಬ್ಬ್ಯಾಗ ಹಾಕಿಟ್ಟ.

ಅದೇ ಟೈಮಿನಾಗ ಮಗಳನ್ನ ನೋಡಾಕ ಸೇಡಂ ಕಡೆಯವರು ಬಂದಿದ್ರು. ಹುಡುಗೀನ್ನ ನಡಸಿ ನೋಡಿದ್ರು, ಸೂಜ್ಯಾಗ ದಾರ ಪೋಣಿಸು ಅಂದ್ರು, ಜಡಿ ಎಳದು ಖರೇ ಕೂದಲೇನು ಅಂತ ನೋಡಿದ್ರು. ತಿಂದುಂಡು ಹೋದವರು ಸುದ್ದೀನೇ ಕೊಡ್ಲಿಲ್ಲ. ಫಿಟ್ಟರಣ್ಣಗ ಮೈಯೆಲ್ಲಾ ಉರೀತು.

“ಅವರು ನನ್ನ ಮಗಳ ಪರೀಕ್ಷಾ ತಗೋತಾರ? ಇನ್ನ ಮುಂದ ನಾ ಅವರ ಹುಡುಗನ ಪರೀಕ್ಷಾ ತಗೋತೀನಿ. ಈ ರೋಬಟ್ ಜೋಡಿಸಿದವಗೇ ಹುಡುಗಿ! ಜೋಡಿಸಿದ ಮ್ಯಾಲ ನಾ ಅಲ್ಲಾಡ್ಸಿ ನೋಡ್ತೀನಿ. ಗಡಗಡ ಅಂದ್ರ ಫೇಲ್. ಒಂದು ಸಾಮಾನು ಕಮ್ಮಿ ಬಿದ್ರೂ ಫೇಲ್.”

ವೈನಿ ಹಣಿ ಹಣಿ ಬಡ್ಕೊಂಡ್ಳು. ಮಗಳು ಮನ್ಯಾಗೇ ಉಳಿತಾಳಂತ ಆಕಿಗಿ ಅಂಜಿಕಿ. ಆದ್ರ ಅವ ಒಂದ್ಸಲ ಅಂದ್ರ ಅಂದಂಗೇ.

ಮೊದಲ ಬಂದವ ಚಿತ್ತಾಪುರ ಕೋರ್ಟಿನ ಕಾರಕೂನ. ಹಣಿಗಿಯಿಂದ ಸಾಮಾನೆಲ್ಲಾ ಛಂದಾಗಿ ಕತ್ತರಿಸಿದ. ಅವನ್ನ ನೋಡ್ಕೋತ ಭಾಳ ಹೊತ್ತು ಕುಂತ. ಆಮ್ಯಾಲ ಎದ್ದು ನಿಂತು, “ಇದಕ್ಕ ಮುಂದಿನ ತಾರೀಖು ಕೊಡ್ರಿ” ಅಂದ. ಹೋದವ ಹೋದ.

ಆಮ್ಯಾಲ ಶಹಾಬಾದಿನವರು. ಹುಡುಗನ ಅಪ್ಪ ನೆಲಕ್ಕ ಹಾಸೋ ಪರಸಿ ಕಲ್ಲಿನ ದಂಧೆ ಮಾಡ್ತಾನ. ಹುಡುಗ ಹೆಂಗೋ ಹೆಣಗಾಡಿ ರೋಬಟ್ ನಿಂದರಸ್ಯಾನ. ಫಿಟ್ಟರಣ್ಣ ಅಲ್ಲಾಡ್ಸಿ ನೋಡೂಕಿಂತ ಮುಂಚೇ ಆ ಅಪ್ಪ ಕಸ್ಕೊಂಡ. ಗಣಿಯಾಗ ಪರಸಿ ಕಲ್ಲು ಸೀಳಿಲ್ಲದ್ದು ಹೌದೋ ಅಲ್ಲೋ ಅಂತ ಬೆರಳ ಗಂಟಿಲೆ ಬಡದು ಕೇಳ್ತಾರಲ್ಲ, ಹಂಗ ಕಿವಿ ಹಚ್ಚಿ ರೋಬಟಿನ ಎದಿಗಿ ಬಡದ. ಟಣ್ ಅನ್ಲಿಲ್ಲ, ಟಪ್ ಅಂತು.

“ಪೊಳ್ಳದ. ಮಾಲ್ ನಡ್ಯಾಂಗಿಲ್ಲ” ಅಂದ.

ಅಷ್ಟಕ್ಕ ಬಿಟ್ನೇನು? ಚಟ ನೋಡು. ಕುಂತಿದ್ದ ಪೆಟಿಗಿ ಬಡದ, ಗ್ವಾಡಿ ಬಡದ, ಚಾದ ಕಪ್ಪು ಬಡದ. ಆಮ್ಯಾಲ “ಹಾಂ, ಹುಡುಗೀನ್ನ ಕರೀರಿ, ನೋಡೂಣು” ಅಂದ. ವೈನಿ ಮಗಳನ್ನ ಒಳಗ ಹಾಕಿ ಚಿಲಕಾ ಜಡದ್ಳು!

ಚಿಂಚೋಳಿ ಹುಡುಗ, ಅವನ ಮಾವ

ಈಗ ಅಸಲಿ ಮಾತು. ಹತ್ರ ಸರಿ.

ರೋಬಟ್ ಮತ್ತ ಬಿಚ್ಚಿ ಡಬ್ಬ್ಯಾಗ ಹಾಕಿಟ್ಟಿದ್ರು. ಚಿಂಚೋಳ್ಯಾಗ ರೇಡಿಯೋ ರಿಪೇರಿ ಮಾಡೋ ಹುಡುಗ ಬಂದ. ತೆಳ್ಳಗ, ಬೆಳ್ಳಗ, ಮಾತು ಕಮ್ಮಿ. ಸಂಗಡ ಅವನ ಸ್ವಾದರಮಾವ, ವಯಸ್ಸಾದವ, ಕಣ್ಣಿಗಿ ಪರದಿ ಬಂದು ಸರಿ ಕಾಣಂಗಿಲ್ಲ. ಮೂಲ್ಯಾಗ ಗ್ವಾಡಿಗಿ ಆತು ಕುಂತ.

ಹುಡುಗ ಅಂಗಿ ತೋಳ ಮಡಚಿ ಕುಂತ. ಅಕ್ಕ್ಯಾಗಿನ ಹರಳು ಆರಿಸ್ದಂಗ ಒಂದೊಂದೇ ಸಾಮಾನು ಆರಿಸಿ ಹಚ್ಚಲಿಕತ್ತ. ಕಾಲು ಟಕ್. ಸೊಂಟ ಟಕ್. ಎದಿ ಟಕ್. ಅಯ್ಯಯ್ಯ, ಆ ಸಪ್ಪಳ ಕೇಳಿ ನನ್ನ ಮೈ ಜುಂ ಅಂತು! ಲೈನಿನ ಹೆಂಗಸ್ರೆಲ್ಲಾ ಕಿಟಕಿಗಿ ಬಂದು ಜೋತು ಬಿದ್ದಾರ. “ತಲಿ ಹಚ್ಚಿದ! ಖಡ್ಗ ತಗೊಂಡ!” ಅಂತ ನಾ ಒಳಬಾಗಿಲಾಗ ನಿಂತು ಅವರಿಗಿ ಕೂಗಿ ಹೇಳ್ಲಿಕತ್ತೀನಿ.

ನಡುವ ಅವ ತಲಿ ಎತ್ತಿ ಹುಡುಗಿಗಿ ಅಂದ, “ಜರಾ ನೀರ್ ಕೊಡ್ತೀರೇನ್ರೀ?” ರೀ ಅಂದ ತಂಗಿ! ನೋಡಾಕ ಬಂದವ, ಹುಡುಗಿಗಿ, ರೀ! ಆಕಿ ನೀರು ಕೊಟ್ಟು ಒಳಗ ಬಂದು ನನ್ನ ಕೈ ಗಟ್ಟಿ ಹಿಡ್ಕೊಂಡ್ಳು. “ಕಾಕೂ, ಇವರು ಫೇಲಾದ್ರ ನಾ ಬ್ಯಾರೆ ಯಾರನ್ನೂ ಮಾಡ್ಕೊಳ್ಳಂಗಿಲ್ಲ.”

ಎಲ್ಲಾ ಆತು, ಬಲಗೈ ಮುಷ್ಟಿ ಒಂದಿಲ್ಲ!

ಹುಡುಕೇ ಹುಡುಕಿದ್ರು. ಚಾಪಿ ಝಾಡಿಸಿದ್ರು, ಕಸಬರಿಗಿ ಹಾಕಿದ್ರು. ನನ್ನ ಸೆರಗು ಸುದ್ದಾ ಝಾಡಿಸಂದ್ರು, ನನ್ನಂಥಾಕಿಗಿ! ಫಿಟ್ಟರಣ್ಣ, “ಒಂದು ಸಾಮಾನು ಕಮ್ಮಿ ಇದ್ರ ಮಷಿನ್ ಚಾಲೂ ಮಾಡಂಗಿಲ್ಲ. ಅಂಗಳದಾಗ ನೋಡ್ತೀನಿ, ಸಿಗ್ಲಿಲ್ಲಂದ್ರ ಫೇಲ್” ಅಂತ ಹೊರಗ ಹೋದ, ಕಿಟಕ್ಯಾಗಿನ ಹೆಂಗಸ್ರೂ ಅವನ ಹಿಂದೇ ಹುಡುಕಾಕ ಹೋದ್ರು. ಹುಡುಗಿ ಕಣ್ಣಾಗ ನೀರು.

ಆಗ ಮೂಲಿಯಿಂದ ಸಪ್ಪಳ ಕೇಳಿಸ್ತು. ಕಟ್. ಕಟ್. ಕಟ್.

ವೈನಿ ಆ ಕಡಿ ನೋಡಿದ್ಳು, ನಾ ನೋಡಿದೆ. ಗಡಿಬಿಡ್ಯಾಗ ವೈನಿ ಸಣ್ಣ ಸಾಮಾನು ಹಾಕಿದ ತಟ್ಟಿ ಬಾಜೂಕೇ ಎಲಿ ಅಡಕಿ ತಟ್ಟಿ ಇಟ್ಟಾಳ. ಮಾವ ಕೈಗೆ ಸಿಕ್ಕದ್ದನ್ನ ಬಾಯಾಗ ಒಗದಾನ.

“ಕಾಕಾ, ಏನ್ ಜಗೀಲಿಕತ್ತೀರಿ?” ಅಂದೆ.

“ಅಡಕಿವ್ವಾ. ಭಾಳ ಗಟ್ಟಿ ಅದ ನಿಮ್ಮ ವಾಡಿ ಅಡಕಿ. ಹುಡುಗಿ ಮನಿ ತಿನಿಸಿಗಿ ಹೆಸರಿಡಬಾರ್ದಂತ ಸುಮ್ನ ಜಗೀಲಿಕತ್ತೀನಿ.”

ಪೀಕದಾನ್ಯಾಗ ಉಗಳಿಸಿದ್ರ, ಎಲ್ಲಿ ಮುಷ್ಟಿ? ನುಚ್ಚು!

ವೈನಿ ಮಟ್ಟಸ ಕುಂತುಬಿಟ್ಳು. ಆ ಹುಡುಗ ಏನ್ ಮಾಡಿದ ಕೇಳು ತಂಗಿ. ತಟ್ಟ್ಯಾಗಿನ ಖರೇ ಅಡಕಿ ಒಂದು ತಗೊಂಡ, ಅಡಕೊತ್ತಿಲೆ ಕೆತ್ತಿದ, ಬೆರಳ ಹಂಗ ಗೀರು ಹಾಕ್ದ. ಹುಡುಗಿ ಓಡಿ ಬಂದು ಸುಣ್ಣದ ಡಬ್ಬಿ ಹಿಡದ್ಳು. ಇಬ್ಬರೂ ತಲಿಗಿ ತಲಿ ಹಚ್ಚಿ ಸುಣ್ಣಾ ಸವರಿ ಬೆಳ್ಳಗ ಮಾಡಿ ತೋಳಿಗಿ ತುರುಕಿದ್ರು. ಅಷ್ಟ್ರಾಗ ಫಿಟ್ಟರಣ್ಣ ಒಳಗ ಬಂದ. ಕಿವಿ ಹತ್ರ ಹಿಡದು ಅಲ್ಲಾಡ್ಸಿದ. ಸಪ್ಪಳಿಲ್ಲ. ಕೈ ಜಗ್ಗಿ ನೋಡಿದ, ಬರ್ಲಿಲ್ಲ.

“ಪಾಸ್! ಆ ಬಲಗೈ ನೋಡ್ರಿ, ಹೆಂಗ ಕುಂತದ! ಜಪಾನಿನ ಮಾಲ್ ಅಂದ್ರ ಇದು!”

ಮದವಿ ಪಕ್ಕಾ ಆತು, ದೀಪಾವಳಿ ಆದ ಮ್ಯಾಲ. ಅಡಕಿ ಮುಷ್ಟಿ ಮಾತು ಫಿಟ್ಟರಣ್ಣಗ ಇನ್ನೂ ಗೊತ್ತಿಲ್ಲ, ಗೊತ್ತಾದ್ರ ಮಾತು ಮುರೀತಾನ. ಅದಕ್ಕೇ ಆಣಿ.

ನಿನ್ನಿ ದಸರಾದ ಖಂಡೇಪೂಜಿ ಇತ್ತಲ್ಲ. ಫಿಟ್ಟರಣ್ಣ ಪಾನಾ, ಹಾತೋಡಿ ಎಲ್ಲಾ ಇಟ್ಟು ನಡುವ ರೋಬಟ್ ನಿಂದ್ರಿಸಿ, ಅದರ ಮೈ ತುಂಬ ಕಲಸಿದ ಅರಿಷಿಣ ಸವರ್‍ಯಾನ. ಸುಣ್ಣಕ್ಕ ಅರಿಷಿಣ ಹತ್ತಿದ್ರ ಏನಾಗ್ತದ, ನಿನಗೂ ಗೊತ್ತದ. ಮೈಯೆಲ್ಲಾ ಹಳದಿ, ಬಲಗೈ ಒಂದೇ ಕೆಂಪಗ ರಕ್ತದಂಗ! ವೈನಿ ಜೀವಾ ಹಾರಿ ಹೋತು. ಆದ್ರೂ ಬುದ್ಧಿ ಓಡಿಸಿ, “ಅಯ್ಯ ನೋಡ್ರಿ, ಮಗಳ ಮದವಿ ಅಂತ ಇದರ ಕೈಗೂ ಮದರಂಗಿ ಹತ್ತ್ಯದ!” ಅಂದ್ಳಂತ. ಅವ ನಂಬ್ಯಾನೋ ಬಿಟ್ಟಾನೋ, ಮುಂಜಾನಿಂದ ಅದನ್ನ ಕೈಯಾಗ ಹಿಡ್ಕೊಂಡು ಮನಿ ಮನಿ ತಿರಗ್ಲಿಕತ್ತಾನ, ಎಡಗೈ ಯಾಕ ಕೆಂಪಾಗ್ಲಿಲ್ಲ ಅಂತ ಕೇಳ್ಕೋತ...

ಶ್! ಸಂದ್ಯಾಗಿಂದ ನೋಡು, ಯಾರು? ಸತ್ತೆನವ್ವಾ!

ಬರ್ರಿ ಅಣ್ಣಾ, ಬರ್ರಿ, ಕುಂದ್ರಿ. ಅಯ್ಯ, ರೋಬಟ್ಟೂ ತಂದೀರಿ? ನಾವಾ? ಏನಿಲ್ರೀ, ನಳಕ್ಕ ನೀರ್ ಬಂದಿಲ್ಲಂತ ಮಾತಾಡ್ಲಿಕತ್ತಿದ್ವಿ. ತಂಗಿ, ಒಳಗ ಹೋಗಿ ಅಣ್ಣಾವ್ರಿಗಿ ಎಲಿ ಅಡಕಿ ತಟ್ಟಿ ತಾ... ಬ್ಯಾಡ ಬ್ಯಾಡ ಬ್ಯಾಡ, ಚಾ ಇಡು, ಚಾ!