ಕಪ್ಪಣ್ಣ ಮಗಳಿಗೆ ಹೆಸರಿಟ್ಟಿದ್ದು

ಮಗಳಿಗೆ ತಾನು ಇಡುವ ಹೆಸರು ಕಿವಿಗೆ ಬಿದ್ದರೆ ಸಾಕು, ಸೋಲು ಅನ್ನುವುದು ಬೀದಿಯ ಆ ತುದಿಯಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಹೋಗಬೇಕು ಎಂದು ಕಪ್ಪಣ್ಣ ಪಣ ತೊಟ್ಟಿದ್ದ. ಕಪ್ಪಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಳು ಬೆಳ್ಳಗೇ ಇದ್ದ. ಆಟೋಟಗಳಲ್ಲಿ ಗೆದ್ದವರಿಗೆ ಕೊಡುವ ಕಪ್ಪು, ಪದಕ, ಫಲಕಗಳ ಅಂಗಡಿ ಇಟ್ಟಿದ್ದರಿಂದ ಪೇಟೆಯವರು ಹಾಗೆ ಕರೆದರು, ಅದೇ ನಿಂತುಬಿಟ್ಟಿತು.

ಅವನದು ಟೈರ್ ಪಂಕ್ಚರ್ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಇಕ್ಕಟ್ಟಿನ ಕೋಣೆ. ಮೂರೂ ಗೋಡೆಗೆ ಕಪ್ಪುಗಳ ಸಾಲು. ಅವುಗಳ ಹೊಳೆಯುವ ಹೊಟ್ಟೆಯಲ್ಲಿ ಕಪ್ಪಣ್ಣನ ಮುಖ ಒಂದರಲ್ಲಿ ಕುಂಬಳಕಾಯಿಯಂತೆ, ಪಕ್ಕದ್ದರಲ್ಲಿ ಪಡವಲಕಾಯಿಯಂತೆ ಕಾಣುತ್ತಿತ್ತು. ಊರಲ್ಲಿ ಯಾರು ಏನೇ ಗೆಲ್ಲಲಿ, ಅವರ ಹೆಸರು ಅವನ ಕೈಯಿಂದಲೇ ಕೆತ್ತಿಸಿಕೊಳ್ಳಬೇಕು. ಅವನು ಮಾತ್ರ ಜೀವಮಾನದಲ್ಲಿ ಏನನ್ನೂ ಗೆದ್ದವನಲ್ಲ. ಓಟದ ಪಂದ್ಯಗಳಲ್ಲಿ ಉಳಿದವರ ಬೆನ್ನು ನೋಡಿಕೊಂಡೇ ಓಡಿ ಬೆಳೆದವನು.

ಮಗಳು ಹುಟ್ಟಿದ್ದು ದಿನ ತುಂಬುವ ಮುಂಚೆ. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೈತುಂಬ ಕೊಳವೆ ಚುಚ್ಚಿದ್ದರು. ಹೆಂಡತಿ ಆ ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತವಳು ವಾರಗಟ್ಟಲೆ ಏಳಲಿಲ್ಲ. ಅವಳ ಅಣ್ಣ ಊಟ ತಂದುಕೊಟ್ಟು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ. ಕಪ್ಪಣ್ಣ ಬಾಗಿಲ ಗಾಜಿನಿಂದ ಒಳಗೆ ಒಮ್ಮೆ ಇಣುಕಿ, ಆ ಕೊಳವೆಗಳನ್ನು ನೋಡಲಾರದೆ ಹಿಂದೆ ಸರಿಯುತ್ತಿದ್ದ. ಅಂಗಡಿ ತೆಗೆಯಬೇಕು ಎಂದು ಹೇಳಿ ಹೊರಟುಬಿಡುತ್ತಿದ್ದ. ಕೊನೆಗೊಂದು ದಿನ ಡಾಕ್ಟರಮ್ಮ ಕೊಳವೆ ಬಿಚ್ಚಿ, "ಗಟ್ಟಿಗಿತ್ತಿ ಕಣ್ರೀ ನಿಮ್ಮ ಮಗಳು, ಗೆದ್ದುಬಿಟ್ಟಳು" ಅಂದರು. ಆ ಒಂದು ಮಾತು ಕಪ್ಪಣ್ಣನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಈಗ ರಜೆ ಹಾಕಿ ಮನೆಯಲ್ಲಿದ್ದಳು. ಅವಳು ಮಗುವಿಗೆ ಟೋಪಿ ಕಟ್ಟುತ್ತಿದ್ದಾಗ ಕಪ್ಪಣ್ಣ ಎದುರಿಗೆ ಕುಳಿತು ಹೆಸರುಗಳನ್ನು ಒಂದೊಂದಾಗಿ ಅಖಾಡಕ್ಕೆ ಇಳಿಸಿದ.

"ಅಜೇಯಾ ಹೇಗಿದೆ?"

"ಬೇಡಪ್ಪ. ನಾಳೆ ಬೆಳಗಾದ್ರೆ ಎಲ್ಲರೂ ಅಜ್ಜಯ್ಯ ಅಂತಾರೆ."

"ಅಜಿತಾ?"

"ಅದು ಅಜ್ಜಿ ಆಗುತ್ತೆ. ಹಲ್ಲು ಹುಟ್ಟೋಕ್ಕೆ ಮೊದಲೇ ಹಲ್ಲು ಉದುರಿಸ್ಬೇಡಿ ಅದಕ್ಕೆ."

"ಜೈತ್ರಾ ಅಂತ ಇದೆ. ತುಂಬಾ ಅಪರೂಪದ್ದು."

"ಜೈತ್ರಾ ಅಂದಕೂಡ್ಲೇ ಹಿಂದೆ ಯಾತ್ರೆ ಬಂದು ಅಂಟ್ಕೊಳ್ಳುತ್ತೆ. ಜೀವನಪೂರ್ತಿ ಮೆರವಣಿಗೆ ಮಾಡ್ಬೇಕಾ ಅದು?"

"ಹಾಗಾದ್ರೆ ಸೀದಾಸಾದಾ ವಿಜಯಾ."

"ನಮ್ಮ ಕ್ಲಾಸಲ್ಲಿ ತುಂಬ ಜನ ವಿಜಯಾ ಇದ್ರು. ಒಬ್ಬಳೂ ಲೆಕ್ಕದಲ್ಲಿ ಪಾಸಾಗ್ಲಿಲ್ಲ."

ಟೋಪಿಯ ದಾರ ಕಟ್ಟಿ ಮುಗಿಸಿ ಅವಳು ಮೆಲ್ಲಗೆ ಅಂದಳು: "ನನ್ನ ಮನಸ್ಸಲ್ಲಿ ಒಂದು ಹೆಸರಿದೆ."

"ಅರ್ಥದಲ್ಲಿ ಗೆಲುವು ಇದೆಯಾ?"

"ಗೆಲುವು ಅಂತೇನಿಲ್ಲ."

"ಹಾಗಾದ್ರೆ ಆಮೇಲೆ ನೋಡೋಣ ಬಿಡು," ಅಂದ ಕಪ್ಪಣ್ಣ. ಅವಳು ಬಿಟ್ಟಳು. ಕಟ್ಟಿದ್ದ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಗ ಒಂದೇ ಒಂದು ಸಲ ಯಾವ ಹೆಸರು ಅಂತ ಕೇಳಿದ್ದರೆ ತನ್ನ ಬಾಯಿ ಸವೆದುಹೋಗುತ್ತಿತ್ತೇ ಎಂದು ಅವನು ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡನೋ.

ಹೆಸರು ಸಿಕ್ಕಿದ್ದು ಅಂಗಡಿಯಲ್ಲಿ. ಹೆಂಡತಿಯ ಅಣ್ಣ ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಹುಡುಗಿಯರ ವಾಲಿಬಾಲ್ ತಂಡ ಕಟ್ಟಿ, ವರ್ಷವರ್ಷವೂ ಫೈನಲ್ಲಿನಲ್ಲಿ ಸೋತು ಬರುತ್ತಿದ್ದ ಪ್ರಾಮಾಣಿಕ ಮನುಷ್ಯ. ಆ ದಿನ ಅಂಗಡಿಗೆ ಬಂದವನು ದೊಡ್ಡ ಕಪ್ಪನ್ನು ಮಗುವಿನ ಕೆನ್ನೆ ಸವರಿದಂತೆ ಸವರಿ, "ಭಾವ, ಈ ಸಲ ಇದು ನಮ್ದೇ. ಹುಡುಗೀರು ಒಂದು ಮ್ಯಾಚೂ ಸೋತಿಲ್ಲ. ಅಪರಾಜಿತರು ಕಣಯ್ಯ, ಅಪರಾಜಿತರು!" ಅಂದ.

ಕಪ್ಪಣ್ಣನಿಗೆ ಮೈ ಜುಮ್ಮೆಂದಿತು. ಅಪರಾಜಿತಾ! ಗೆದ್ದವರು ನಾಳೆ ಸೋಲಬಹುದು; ಅಪರಾಜಿತೆಗೆ ಸೋಲೇ ಇಲ್ಲ. ಶುಭಸ್ಯ ಶೀಘ್ರಂ ಅಂದುಕೊಂಡು ಅಂಗಡಿಗೆ ಅರ್ಧ ಬಾಗಿಲು ಎಳೆದು, ಹಿಂದಿನ ರಸ್ತೆಯಲ್ಲಿದ್ದ ಜನನ ನೋಂದಣಿ ಕಚೇರಿಗೆ ಹೋಗಿ ಹೆಸರು ಬರೆಸಿಯೇಬಿಟ್ಟ. ಕಿಟಕಿಯ ಹಿಂದಿದ್ದ ಗುಮಾಸ್ತೆಗೆ, ಸಾಲಿನಲ್ಲಿ ನಿಂತವರಿಗೆ, ನೀರು ಕುಡಿಯಲು ಬಂದ ಯಾರೋ ಮುದುಕರಿಗೆ ಕೂಡ ಅದರ ಅರ್ಥ ಬಿಡಿಸಿ ಹೇಳಿದ.

ಸಂಜೆ ಹೆಂಡತಿಗೆ, "ಅಪರಾಜಿತಾ ಅಂತ ಇಡೋಣ" ಅಂದ. ಇಡೋಣ ಅಂದನೇ ಹೊರತು ಇಟ್ಟಾಯಿತು ಅನ್ನಲಿಲ್ಲ.

"ಉದ್ದ ಆಯ್ತು," ಅಂದಳು ಅವಳು. "ಕರೆದು ಮುಗಿಸೋಷ್ಟರಲ್ಲಿ ಮಗು ಬೀದೀಲಿರುತ್ತೆ." ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಿಷ್ಟ" ಅಂದಳು. ಹೆಂಡತಿಯ 'ನಿಮ್ಮಿಷ್ಟ'ಕ್ಕೆ ಒಪ್ಪಿಗೆ ಎಂದು ಅರ್ಥ ಹಚ್ಚಿದ ಗಂಡಂದಿರ ಸಾಲಿನಲ್ಲಿ ಕಪ್ಪಣ್ಣನೂ ಹೋಗಿ ನಿಂತ.

ಭಾನುವಾರ ಸಂಜೆ ನಂಟರಿಷ್ಟರನ್ನು ಚಹಾಕ್ಕೆ ಕರೆದು ಮಗು ತೋರಿಸುವುದೆಂದಾಯಿತು. ಬಂದವರು ಬರಿಗೈಯಲ್ಲಿ ಹೋಗಬಾರದು, ಪ್ರತಿಯೊಬ್ಬರಿಗೂ ಪೆನ್ನು ನಿಲ್ಲಿಸುವಷ್ಟು ಪುಟ್ಟದೊಂದು ಕಪ್ಪು, ಅದರ ಬುಡದ ತಗಡಿನಲ್ಲಿ ಮಗಳ ಹೆಸರು! ಕೆತ್ತುವ ಯಂತ್ರಕ್ಕೆ ತಗಡುಗಳನ್ನು ಒಂದಾದ ಮೇಲೊಂದು ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಕಪ್ಪು ಕಳಿಸುವ ದೊಡ್ಡ ವ್ಯಾಪಾರಿಗೆ ಹೆಸರಿನ ಮಹಿಮೆ ಬಣ್ಣಿಸುತ್ತಿದ್ದ. ಯಂತ್ರದ ಪರದೆಯ ಮೇಲೆ ಅಪರಾಜಿತಾ ಅಂತ ಸರಿಯಾಗೇ ಇತ್ತು. ಆದರೆ ತಗಡನ್ನು ಒತ್ತಿ ನಿಲ್ಲಿಸುವ ಪಟ್ಟಿ ಒಂದಿಷ್ಟು ಬಲಕ್ಕೆ ಸರಿದಿತ್ತು. ಮೊದಲ ಅಕ್ಷರವನ್ನು ಯಂತ್ರ ತಗಡಿನ ಅಂಚಿನ ಆಚೆ, ಗಾಳಿಯಲ್ಲಿ, ಬಹಳ ಚೆನ್ನಾಗಿ ಕೆತ್ತಿತು. ಮುಗಿದ ಮೇಲೆ ಕಪ್ಪಣ್ಣ ಒಂದೊಂದನ್ನೂ ಒರೆಸಿ, ಓದಿ, ಪೆಟ್ಟಿಗೆಗೆ ತುಂಬಿದ. ಮನಸ್ಸಿನಲ್ಲಿ ಇದ್ದದ್ದನ್ನೇ ಕಣ್ಣು ಓದಿತು.

ಭಾನುವಾರ ನಡುಮನೆ ತುಂಬ ಜನ. ಚಹಾ ಎರಡನೇ ಸುತ್ತು ಬರುವಾಗ ಡ್ರಿಲ್ ಮೇಷ್ಟ್ರು ತನ್ನ ಇಡೀ ತಂಡದೊಂದಿಗೆ ಬಂದ. ಹುಡುಗಿಯರು ಆಟದ ಬಟ್ಟೆಯಲ್ಲೇ ಇದ್ದರು, ಮಂಡಿಯ ಮೇಲೆ ಮಣ್ಣು, ಮುಖ ಮೊಳದುದ್ದ. ಆ ಮಧ್ಯಾಹ್ನವೇ ಫೈನಲ್ ಮುಗಿದು, ಗೆಲ್ಲುವ ಹೊತ್ತಿಗೆ ಸರಿಯಾಗಿ ಸೋತಿದ್ದರು. ಮಗು ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ಮೇಷ್ಟ್ರು ಕರೆತಂದಿದ್ದ. ಕಪ್ಪಣ್ಣನಿಗೆ ಇದೊಂದೂ ಗೊತ್ತಿಲ್ಲ. ಸಿಕ್ಕಿದ ಅವಕಾಶ ಬಿಡಬಾರದೆಂದು ಪೆಟ್ಟಿಗೆ ತೆರೆದು, ಮೊದಲು ಹುಡುಗಿಯರ ಕೈಗೇ ಒಂದೊಂದು ಕಪ್ಪು ಇಟ್ಟು, ಕೈಕಟ್ಟಿ ನಿಂತು, "ಓದ್ರಮ್ಮ, ಗಟ್ಟಿಯಾಗಿ ಓದಿ" ಅಂದ.

ತಂಡದ ನಾಯಕಿ, ಎತ್ತರದ ಹುಡುಗಿ, ಮೇಷ್ಟ್ರ ಕಡೆ ತಿರುಗಿ, "ಸರ್, ಸೋತೋರಿಗೂ ಕಪ್ಪು ಕೊಡ್ತಾರಾ?" ಎಂದು ಕೇಳಿದಳು.

ಮೇಷ್ಟ್ರು ಅವಳ ಕೈಯಿಂದ ತೆಗೆದುಕೊಂಡು ನೋಡಿದ. ಪರಾಜಿತಾ. ಇನ್ನೊಬ್ಬಳದ್ದು ನೋಡಿದ. ಅದೂ ಪರಾಜಿತಾ.

"ಮಧ್ಯಾಹ್ನ ಸೋತಿದ್ದು ಭಾವ," ಅಂದ. "ಸಂಜೆಯೊಳಗೆ ಎಲ್ಲರಿಗೂ ಕೆತ್ತಿಸಿ ಇಟ್ಟಿದ್ದೀಯ. ನಿನ್ನ ಅಂಗಡಿ ಕೆಲಸ ಇಷ್ಟು ಚುರುಕು ಅಂತ ಗೊತ್ತಿರ್ಲಿಲ್ಲ."

ಕಪ್ಪಣ್ಣ ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ಮಗುವನ್ನು ನೋಡಲೂ ಇಲ್ಲ. ಉಳಿದ ನಂಟರು ತಮ್ಮ ತಮ್ಮ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದಂಗಡಿಯ ದರ್ಜಿ ಸಮಾಧಾನಕ್ಕೆಂದು, "ಹೆಸರು ಚೆನ್ನಾಗಿದೆ ಕಪ್ಪಣ್ಣ. ಅರ್ಥ ಗೊತ್ತಿಲ್ದೆ ಇದ್ರೆ ಇನ್ನೂ ಚೆನ್ನಾಗಿರುತ್ತೆ" ಅಂದ. ಹೆಂಡತಿ ಒಂದು ಕಪ್ಪನ್ನು ಗಂಡನ ಕಣ್ಣೆದುರು ಹಿಡಿದು, "ಊರಿನವರ ಕಣ್ಣೆಲ್ಲ ನಾನು ಪರೀಕ್ಷೆ ಮಾಡಿಸ್ದೆ. ಮನೇಲಿದ್ದ ಒಂದು ಜೊತೆ ಬಿಟ್ಟುಹೋಯ್ತು" ಅಂದವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಕಪ್ಪಣ್ಣ ಶಾಲೆಯ ಮೈದಾನಕ್ಕೆ ಹೋದ. ಮೇಷ್ಟ್ರು ಕಂಬದ ಬುಡದಲ್ಲಿ ಕೂತು ಹರಿದ ನೆಟ್ಟಿಗೆ ಗಂಟು ಹಾಕುತ್ತಿದ್ದ. ತಲೆಯೆತ್ತಲಿಲ್ಲ. ಕಪ್ಪಣ್ಣ ನಿಂತುಕೊಂಡೇ ಎಲ್ಲ ಒಪ್ಪಿಸಿದ: ಪಟ್ಟಿ ಸರಿದಿದ್ದು, ಫೋನು, ಗಾಳಿಯಲ್ಲಿ ಕೆತ್ತಿದ 'ಅ'. ಗಾಳಿಯ ಮಾತಿಗೆ ಮೇಷ್ಟ್ರಿಗೆ ಬೇಡಬೇಡವೆಂದರೂ ನಗು ಬಂತು.

"ಕಪ್ಪಿನ ಮಾತು ಬಿಡು. ಹುಡುಗೀರು ಅದ್ರಲ್ಲಿ ಪೆನ್ನು ಇಟ್ಕೊಂಡು ಓಡಾಡ್ತಿದ್ದಾರೆ. ನಂಗೆ ಬೇಜಾರಾಗಿದ್ದು ಬೇರೆದಕ್ಕೆ. ನನ್ನ ತಂಗಿ ಮಗೂಗೆ ಆಸ್ಪತ್ರೇಲೇ ಹೆಸರಿಟ್ಟಿದ್ಲಲ್ಲ, ಅದನ್ನ ಯಾಕೆ ಬೇಡ ಅಂದೆ?"

"ಯಾವ ಹೆಸರು?"

ಮೇಷ್ಟ್ರ ಕೈ ಗಂಟಿನ ಮೇಲೆ ನಿಂತಿತು. "ಕೇಳ್ಲೇ ಇಲ್ವಾ ನೀನು?"

"ಕೇಳ್ಲಿಲ್ಲ."

"ಹೋಗಿ ಕೇಳು ಮಾರಾಯ. ಅದು ನನ್ನ ಬಾಯಲ್ಲಿ ಬರೋ ಮಾತಲ್ಲ."

ಕಪ್ಪಣ್ಣ ಮನೆಗೆ ಬಂದಾಗ ಅವಳು ಹಿತ್ತಲಲ್ಲಿ ಮಗುವಿನ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಅವನು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಇರುವಂತಿ," ಅಂದಳು.

"ಅದು ಹೂವಲ್ವಾ? ಮಲ್ಲಿಗೆ ಜಾತಿದು?"

"ಹೂವೇ. ಆದ್ರೆ ನಾನು ಹೂವಿಗೋಸ್ಕರ ಇಟ್ಟಿದ್ದಲ್ಲ." ಅವಳು ಒಂದು ಪುಟ್ಟ ಅಂಗಿಯನ್ನು ಕೊಡವಿದಳು. "ಆ ಪೆಟ್ಟಿಗೆಯ ತೂತಿನೊಳಗೆ ಬೆರಳು ಹಾಕಿ, ಇರು ಮಗಳೇ, ಇರು ಅಂತಿದ್ದೆ. ಬೇರೆ ಮಾತೇ ಬಾಯಿಗೆ ಬರ್ತಿರ್ಲಿಲ್ಲ. ಒಂದಿನ ನರ್ಸಮ್ಮ, ಏನಮ್ಮಾ ಇರು ಇರು ಅಂತೀಯ, ಇರುವಂತಿ ಅಂತ ಹೆಸರಾ ಅಂದ್ರು. ಹೂಂ ಅಂದ್ಬಿಟ್ಟೆ. ಗೆಲ್ಲು ಅಂತ ನಾನು ಒಂದಿನಾನೂ ಕೇಳ್ಲಿಲ್ಲ ರೀ. ಇರು ಅಂದೆ. ಅದು ಇತ್ತು."

ಕಪ್ಪಣ್ಣ ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿ, ಹಿಂಡಿ ಅವಳ ಕೈಗೆ ಕೊಟ್ಟ. ಆಮೇಲೆ ಕಚೇರಿಯಲ್ಲಿ ಹೆಸರು ಬರೆಸಿ ಬಂದಿದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂಗಿಗೆ ಕ್ಲಿಪ್ಪು ಸಿಕ್ಕಿಸಿ, "ಬದಲಾಯಿಸೋಕ್ಕಾಗುತ್ತಾ ನೋಡಿ" ಅಂದಳು, ಅಷ್ಟೆ.

ಕಚೇರಿಯ ಕಿಟಕಿಯಲ್ಲಿ ಅದೇ ಗುಮಾಸ್ತೆ.

"ಮೊನ್ನೆ ತಾನೇ ಬಂದಿದ್ರಿ. ಇಡೀ ಆಫೀಸಿಗೆ ಅರ್ಥ ಬೇರೆ ಪಾಠ ಮಾಡಿದ್ರಿ."

"ತಪ್ಪಾಯ್ತು. ಬೇರೆ ಹೆಸರಿದೆ."

"ಯಾವುದು, ಹೇಳಿ."

"ಇರು..." ಅಂದ ಕಪ್ಪಣ್ಣ. ಅಷ್ಟಕ್ಕೇ ಗಾಜಿನ ಪೆಟ್ಟಿಗೆ, ಅದರ ತೂತು, ತೂತಿನೊಳಗಿನ ಬೆರಳು ಎಲ್ಲ ಕಣ್ಮುಂದೆ ಬಂದು ಉಳಿದರ್ಧ ಹೆಸರು ಅಲ್ಲೇ ಸಿಕ್ಕಿಕೊಂಡಿತು.

"ಇದ್ದೀನಲ್ಲ. ಹೇಳಿ."

"ಇರು..."

"ರೀ, ಇಲ್ಲೇ ಇದ್ದೀನಿ ಅಂತ ಹೇಳ್ದೆನಲ್ಲ."

"ಇರು... ಇರು..."

ಗುಮಾಸ್ತೆ ಪೆನ್ನು ಕೆಳಗಿಟ್ಟಳು. "ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ. ಇರು ಗಿರು ಅನ್ನೋಕೆ ನಾನೇನು ನಿಮ್ಮನೆ ಕೂಸಾ?"

ಹಿಂದಿನ ಸಾಲಿನಿಂದ, "ಹೆಣ್ಮಕ್ಕಳ ಹತ್ರ ಹೀಗಾ ಮಾತಾಡೋದು?" ಎಂದು ಒಬ್ಬರು, "ಮೊನ್ನೆಯೂ ಇವನೇ ಗಲಾಟೆ ಮಾಡಿದ್ದು" ಎಂದು ಇನ್ನೊಬ್ಬರು. ಕಪ್ಪಣ್ಣ ಕಣ್ಣೊರೆಸಿಕೊಂಡು ಪೂರ್ತಿ ಹೆಸರು ಹೇಳುವ ಹೊತ್ತಿಗೆ ಆಕೆ ಮೆತ್ತಗಾಗಿದ್ದಳು, ಆದರೆ ಕಾಯಿದೆ ಮೆತ್ತಗಾಗಲಿಲ್ಲ. ಒಮ್ಮೆ ಬರೆದದ್ದನ್ನು ಅವಳು ತಿದ್ದುವಂತಿರಲಿಲ್ಲ. ಮಗಳೇ ದೊಡ್ಡವಳಾದ ಮೇಲೆ ಬಂದು ಕೇಳಿಕೊಳ್ಳಬೇಕು.

ಮನೆಗೆ ಬಂದು ಕಪ್ಪಣ್ಣ ಎಲ್ಲವನ್ನೂ ಹೇಳಿದ. ಗುಮಾಸ್ತೆ ಬೈದ ಭಾಗಕ್ಕೆ ಹೆಂಡತಿ ನಕ್ಕಳು; ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನೀರೆಲ್ಲವೂ ನಗುವಿನದ್ದಲ್ಲ ಎಂದು ಅವನಿಗೆ ತಿಳಿಯಿತು. ನಾಳೆ ಶಾಲೆಯಲ್ಲಿ ಹಾಜರಿ ಕೂಗುವಾಗ, ಮದುವೆಯ ಕಾಗದದಲ್ಲಿ, ಎಲ್ಲೆಲ್ಲೂ ತಾನು ಅವಸರಕ್ಕೆ ಇಟ್ಟ ಹೆಸರೇ ಇರುತ್ತದೆ. ತಾಯಿ ಪೆಟ್ಟಿಗೆಯ ತೂತಿನಿಂದ ಕೊಟ್ಟ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

"ಹೋಗ್ಲಿ ಬಿಡಿ," ಅಂದಳು. "ಕಾಗದ ಕರೆಯುತ್ತಾ? ಕರೆಯೋದು ನಾವು."

ಮಗು ತೊಟ್ಟಿಲಲ್ಲಿ ಎಚ್ಚರವಿತ್ತು. ಕಪ್ಪಣ್ಣ ಬಾಗಿ ನೋಡಿದ. ಆ ಹೆಸರಿನಿಂದ ಕರೆಯಬೇಕೆಂದು ಬಾಯಿ ತೆರೆದ, ನಾಲಿಗೆ ಏಳಲಿಲ್ಲ. ಹೆಸರು ಕೊಟ್ಟವಳು ಅವಳು, ಉಳಿದುಕೊಂಡದ್ದು ಮಗು. ನಡುವೆ ತನ್ನದೇನಿದೆ ಅನ್ನಿಸಿತು. ಸುಮ್ಮನೆ ನೆಟ್ಟಗಾಗಿ, ಮೊಳೆಗೆ ನೇತುಹಾಕಿದ್ದ ಬೀಗದಕೈ ತೆಗೆದುಕೊಂಡ.

"ಎಲ್ಲಿಗೆ?"

"ಅಂಗಡಿ ತೆಗೀಬೇಕು."

"ಅಂಗಡಿ ಎಲ್ಲಿಗೂ ಓಡಿಹೋಗಲ್ಲ," ಅಂದಳು ಅವಳು, ತೊಟ್ಟಿಲ ಪಕ್ಕಕ್ಕೆ ಸ್ಟೂಲು ಎಳೆದು ಹಾಕುತ್ತ. "ನೀವೂ ಸ್ವಲ್ಪ ಇರಿ."